ಹನ್ನೊಂದನೇ ವೋಟು

ಬೇಬಿಯಕ್ಕನಿಗೆ ಅರಿಜೋನಾ ರಾಜ್ಯದ ಮೇಲೆ ಸಿಟ್ಟು ಬಂದದ್ದು ಒಂದು ಈಜುಕೊಳದ ಫೋಟೊ ನೋಡಿ. ಕಾನೂನಿನ ಸಂಗತಿ ಆಮೇಲೆ ಬಂತು.

ಫೋಟೊ ಬಂದದ್ದು ಎರಡು ಸಾವಿರದ ಹತ್ತರ ಮಾರ್ಚಿನಲ್ಲಿ, ವಾಲಿಬಾಲ್ ಪಂದ್ಯದ ಆಮಂತ್ರಣದ ಜೊತೆ. ಅಮೆರಿಕದಲ್ಲಿ ಅಲ್ಲಲ್ಲಿ ನೆಲೆಸಿರುವ ಕರಾವಳಿಯ ಇಪ್ಪತ್ತೊಂದು ಮನೆಗಳವರು ಸೇರಿ ನಡೆಸುವ ಲೀಗು ಅದು, ಹೆಸರು ಪಡುಗಡಲು ವಾಲಿಬಾಲ್ ಲೀಗ್. ವರ್ಷಕ್ಕೊಮ್ಮೆ, ಸೆಪ್ಟೆಂಬರ್ ಮೊದಲಿಗೆ ಬರುವ ಲೇಬರ್ ಡೇ ರಜೆಯ ವಾರಾಂತ್ಯದಲ್ಲಿ ಪಂದ್ಯ. ಹದಿನಾಲ್ಕು ವರ್ಷ ಆ ಪಂದ್ಯ ನ್ಯೂಜೆರ್ಸಿ ಬಿಟ್ಟು ಕದಲಿರಲಿಲ್ಲ. ಫೈನಲ್ ಮುಗಿದ ಮೇಲೆ ಗೆದ್ದ ತಂಡದ ಹುಡುಗರು ತಟ್ಟೆಯಲ್ಲಿ ಒಣ ರೊಟ್ಟಿ ಮುರಿದು ಹಾಕಿಕೊಂಡು ಸಾಲಾಗಿ ನಿಲ್ಲಬೇಕು, ಆತಿಥ್ಯದ ಮನೆಯ ಹೆಂಗಸು ಮೊದಲ ಸೌಟು ಕೋಳಿ ಸಾರು ಬಡಿಸಬೇಕು, ಆಮೇಲೆಯೇ ಉಳಿದವರ ಊಟ. ಅದು ಲೀಗಿನ ಪದ್ಧತಿ. ಹದಿನಾಲ್ಕು ವರ್ಷವೂ ಆ ಸೌಟು ಹಿಡಿದವಳು ಬೇಬಿಯಕ್ಕ.

ಈ ಸಲ ಪಂದ್ಯ ಅರಿಜೋನಾದ ಫೀನಿಕ್ಸಿನಲ್ಲಿ. ಆತಿಥ್ಯ ರಾಜ್ ಮತ್ತು ಮಂಜರಿಯದು. ರಾಜ್ ಎಂದರೆ ಬೇಬಿಯಕ್ಕನ ಗಂಡ ಶಾಂತಾರಾಮರ ಒಡಹುಟ್ಟಿದ ತಮ್ಮ, ಮಂಜರಿ ಅವನ ಹೆಂಡತಿ. ಫೋಟೊದಲ್ಲಿ ಅವರ ಮೋಟೆಲಿನ ನೀಲಿ ಈಜುಕೊಳ ಇತ್ತು, ಅದರ ದಂಡೆಯ ಕುರ್ಚಿಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಮಂಜರಿ ಕೂತಿದ್ದಳು.

“ಕಾಲ ಮೇಲೆ ಕಾಲು ಹಾಕಿ ಕೂತಿದ್ದಾಳೆ ನೋಡಿ,” ಎಂದಳು ಬೇಬಿಯಕ್ಕ, ಗಂಡನ ಮೂಗಿನ ಕೆಳಗೆ ಫೋಟೊ ಹಿಡಿದು. “ನನ್ನ ಬೇಸ್‌ಮೆಂಟಿನಲ್ಲಿ ಎರಡು ವರ್ಷ ಇದ್ದವಳು. ಡ್ರೈವಿಂಗ್ ಕಲಿಸಿದ್ದು ನಾನು. ಕೋಳಿ ಸಾರಿಗೆ ಮೆಣಸು ಎಷ್ಟು ಹುರಿಯುದು ಅಂತ ತೋರಿಸಿದ್ದೂ ನಾನು.”

“ಇನ್ನೆಂತ ಮಾಡುದು ಮಾರಾಯ್ತಿ, ಈಜುಕೊಳದ ಹತ್ರ ನಿಂತುಕೊಂಡೇ ಇರ್ಬೇಕಾ?” ಎಂದರು ಶಾಂತಾರಾಮ. ನ್ಯೂಜೆರ್ಸಿಯ ಕ್ರ್ಯಾನ್‌ಬರಿ ಊರಿನ ದೊಡ್ಡ ಗೋದಾಮೊಂದರಲ್ಲಿ ಅವರು ಸೂಪರ್‌ವೈಸರ್, ಲೀಗಿನ ಅಧ್ಯಕ್ಷರೂ ಹೌದು. ಎರಡೂ ಕಡೆ ಜಗಳ ಬಿಡಿಸುವುದೇ ಅವರ ಕೆಲಸ. ಮನೆಯಲ್ಲಿ ಆ ವಿದ್ಯೆ ನಡೆಯುತ್ತಿರಲಿಲ್ಲ.

ಬೇಬಿಯಕ್ಕನ ಹೊಟ್ಟೆಯ ಉರಿ ಹಳೆಯದು. ಅತ್ತೆ ಊರಿನಿಂದ ಬಂದಾಗ ಇಲ್ಲಿ ಆರು ವಾರ ಇದ್ದರು, ಅಲ್ಲಿ ನಾಲ್ಕು ತಿಂಗಳು. ಹೋಗುವಾಗ ಹವಳದ ಸರವನ್ನು ಮಂಜರಿಯ ಕೊರಳಿಗೆ ಹಾಕಿ ಹೋದರು. ಇದನ್ನೆಲ್ಲ ಬೇಬಿಯಕ್ಕ ಹೇಗೋ ನುಂಗಿದ್ದಳು, ಸೌಟು ತನ್ನ ಕೈಯಲ್ಲಿದೆಯಲ್ಲ ಎಂಬ ಸಮಾಧಾನದಿಂದ. ಈಗ ಅದೂ ಮಂಜರಿಯ ಪಾಲಾಗುವುದಿತ್ತು.

ಏಪ್ರಿಲ್ ಕೊನೆಯ ಒಂದು ಸಂಜೆ ಊಟದ ಹೊತ್ತಿಗೆ ಮಗಳು ಅಕ್ಷಿತಾ ಕಾಲೇಜಿನಿಂದ ಬುಸುಗುಟ್ಟುತ್ತ ಬಂದಳು. ಹತ್ತೊಂಬತ್ತರ ಹುಡುಗಿ, ಮೂರು ಮಾತಿಗೆ ಎರಡು ಇಂಗ್ಲಿಷ್.

“ಅಪ್ಪ, ಅರಿಜೋನಾದಲ್ಲಿ ಲಾ ಪಾಸ್ ಮಾಡಿದ್ದಾರೆ. ಪೊಲೀಸ್ ಯಾರನ್ನಾದ್ರೂ ನಿಲ್ಲಿಸಿದಾಗ ಇಲ್ಲೀಗಲ್ ಅಂತ ಡೌಟ್ ಬಂದ್ರೆ ಪೇಪರ್ಸ್ ಕೇಳ್ಬಹುದು. ಡೌಟ್ ಯಾರ ಮೇಲೆ ಬರ್ತದೆ ಹೇಳಿ. ಬ್ರೌನ್ ಪೀಪಲ್. ದಟ್ಸ್ ಅಸ್.”

“ನಮ್ಮತ್ರ ಪಾಸ್‌ಪೋರ್ಟ್ ಉಂಟಲ್ಲ,” ಎಂದರು ಶಾಂತಾರಾಮ, ನೀರುದೋಸೆ ಮಡಚುತ್ತ.

“ವಾಲಿಬಾಲ್ ಆಡ್ಲಿಕ್ಕೆ ಪಾಸ್‌ಪೋರ್ಟ್ ಇಟ್ಕೊಂಡು ಹೋಗ್ತೀರಾ?”

“ಚಡ್ಡಿಯಲ್ಲಿ ಜೇಬು ಹೊಲಿಸ್ಬೇಕಾದೀತು,” ಎಂದ ಮಗ ಸೂರಜ್. ಪ್ರಿನ್ಸ್‌ಟನ್ನಿನ ಔಷಧ ಕಂಪನಿಯೊಂದು ಕಳೆದ ವರ್ಷ ಇನ್ನೂರು ಜನರ ಜೊತೆ ಅವನನ್ನೂ ಮನೆಗೆ ಕಳಿಸಿತ್ತು. ಅಂದಿನಿಂದ ಅವನಿಗೆ ತಮಾಷೆ ಜಾಸ್ತಿಯಾಗಿತ್ತು, ಏಳುವ ಹೊತ್ತು ತಡವಾಗಿತ್ತು.

“ನಾಟ್ ಫನ್ನಿ. ಬೇಸ್‌ಬಾಲಿನ ಆಲ್‌ಸ್ಟಾರ್ ಪಂದ್ಯವನ್ನೇ ಅಲ್ಲಿಂದ ತೆಗೀಬೇಕು ಅಂತ ಜನ ಹೇಳ್ತಿದ್ದಾರೆ. ಹಿಂದೆ ಬ್ಲ್ಯಾಕ್ ಲೀಡರ್ ಕಿಂಗ್ ಹೆಸರಿನ ರಜೆ ಕೊಡ್ಲಿಲ್ಲ ಅಂತ ಅಲ್ಲಿಂದ ಫುಟ್‌ಬಾಲಿನ ಫೈನಲ್, ಸೂಪರ್ ಬೌಲನ್ನೇ ತೆಗೆದಿದ್ರು.”

ಒಲೆಯ ಮುಂದಿದ್ದ ಬೇಬಿಯಕ್ಕ ತಿರುಗಿದಳು. ಕಾವಲಿಯ ಮೇಲಿನ ದೋಸೆ ಸೀಯುತ್ತಿತ್ತು.

“ಪಂದ್ಯವನ್ನೇ ತೆಗೆದಿದ್ರಾ? ಜಾಗ ಬದಲಿಸ್ಲಿಕ್ಕೆ ಆಗ್ತದಾ ಹಾಗೆ?”

“ಆಫ್ ಕೋರ್ಸ್. ಮೂವ್ ಮಾಡಿದ್ರು.”

“ಅನ್ಯಾಯ ಮಾರಾಯ್ರೆ,” ಎಂದಳು ಬೇಬಿಯಕ್ಕ. “ಮನುಷ್ಯರ ಬಣ್ಣ ನೋಡಿ ಕಾಗದ ಕೇಳುದಾ? ಅಂಥ ಊರಿಗೆ ನಮ್ಮ ಮಕ್ಕಳನ್ನು ಆಡ್ಲಿಕ್ಕೆ ಕಳಿಸುದಾ?”

ಇಪ್ಪತ್ತಾರು ವರ್ಷ ಈ ದೇಶದಲ್ಲಿದ್ದು ಬೇಬಿಯಕ್ಕ ರಾಜಕೀಯ ಮಾತಾಡಿದ್ದು ಅದೇ ಮೊದಲು. ಅಕ್ಷಿತಾ ಓಡಿ ಬಂದು ತಾಯಿಯನ್ನು ಅಪ್ಪಿಕೊಂಡಳು. ಶಾಂತಾರಾಮರು ಅಪ್ಪಿಕೊಳ್ಳಲಿಲ್ಲ. ಮೂವತ್ತು ವರ್ಷದ ಸಂಸಾರ ಅವರದು, ಹೆಂಡತಿಯ ಕಣ್ಣಿನ ಹೊಳಪು ಎಲ್ಲಿಂದ ಬರುತ್ತದೆ ಎಂದು ಚೆನ್ನಾಗಿ ಗೊತ್ತಿತ್ತು.

ಇಲ್ಲಿ ಒಂದು ಮಾತು ಹೇಳಬೇಕು. ಇವರು ಮನೆತನವನ್ನು ತಾಯಿಯ ಕಡೆಯಿಂದ ಎಣಿಸುವ ಜನ. ಹಾಗಾಗಿ ಲೀಗಿನಲ್ಲಿ ಗಂಡಸರು ಆಡುತ್ತಾರೆ, ಅಂಪೈರ್ ಜೊತೆ ಜಗಳಾಡುತ್ತಾರೆ, ಭಾಷಣ ಮಾಡುತ್ತಾರೆ. ತೀರ್ಮಾನದ ವೋಟು ಮಾತ್ರ ಮನೆಗೊಂದು, ಅದೂ ಮನೆಯ ಹೆಂಗಸಿನದು. ಲಕೋಟೆಯ ಹೊರಗೆ ಹೆಸರು ಬರೆದು, ಒಳಗೆ ಚೀಟಿ ಇಟ್ಟು ಅಧ್ಯಕ್ಷರಿಗೆ ಅಂಚೆಯಲ್ಲಿ ಕಳಿಸಬೇಕು. ಯಾರು ಯಾವುದಕ್ಕೆ ಹಾಕಿದರು ಎಂದು ಅಧ್ಯಕ್ಷರು ಸ್ವಂತ ಹೆಂಡತಿಗೂ ಹೇಳುವಂತಿಲ್ಲ. ಮೊದಲ ವರ್ಷ ಕೈ ಎತ್ತಿಸಿ ವೋಟು ಮಾಡಿ, ಎರಡು ಮನೆಯವರು ಆರು ವರ್ಷ ಮಾತು ಬಿಟ್ಟ ಮೇಲೆ ಬಂದ ನಿಯಮ ಇದು.

ಪಂದ್ಯ ಫೀನಿಕ್ಸಿನಲ್ಲೇ ಇರಲಿಯೋ ನ್ಯೂಜೆರ್ಸಿಗೆ ಮರಳಲಿಯೋ ಎಂದು ಜೂನಿನಲ್ಲಿ ವೋಟು ಎಂದಾಯಿತು. ಮೇ ತಿಂಗಳಿಡೀ ಬೇಬಿಯಕ್ಕ ಫೋನ್ ಕೆಳಗಿಡಲಿಲ್ಲ. ಭುಜಕ್ಕೂ ಕಿವಿಗೂ ನಡುವೆ ಫೋನ್ ಸಿಕ್ಕಿಸಿಕೊಂಡು ಬಟ್ಟೆ ಮಡಚಿದಳು, ಮೀನು ಕತ್ತರಿಸಿದಳು, ಬಸಳೆ ಬಿಡಿಸಿದಳು. “ನಿಮ್ಮ ಮಗನನ್ನು ರಸ್ತೆ ಬದಿಯಲ್ಲಿ ನಿಲ್ಲಿಸಿ ನೀನು ಯಾರು ಅಂತ ಕೇಳಿದ್ರೆ ಹೇಗಾಗ್ತದೆ, ಯೋಚನೆ ಮಾಡಿ,” ಎಂದು ಅಟ್ಲಾಂಟಾದವರಿಗೆ ಹೇಳಿದಳು. ಶಿಕಾಗೊದವರಿಗೆ ಸೂಪರ್ ಬೌಲಿನ ಕಥೆ ಹೇಳಿದಳು. ಅಕ್ಷಿತಾ ಅಂಟುಚೀಟಿಯಲ್ಲಿ ಬರೆದುಕೊಟ್ಟ ವಾಕ್ಯಗಳನ್ನು ಫ್ರಿಜ್ಜಿನ ಬಾಗಿಲಿಗೆ ಹಚ್ಚಿಕೊಂಡು ಓದಿದಳು. ಮಂಜರಿಯ ಹೆಸರು ಒಮ್ಮೆಯೂ ಎತ್ತಲಿಲ್ಲ. ಅಷ್ಟು ಜಾಣೆ.

ಶಾಂತಾರಾಮರು ಎರಡು ಸಲ ಬಾಯಿ ಹಾಕಿದರು.

“ಬೇಬಿ, ಕಾನೂನು ಕೆಟ್ಟದೇ. ಆದ್ರೆ ರಾಜ್‌ನ ರೂಮುಗಳು ಈಗ ಖಾಲಿ ಬಿದ್ದಿವೆ. ಅಲ್ಲಿ ಇಡೀ ಊರೇ ಸಾಲದಲ್ಲಿ ಮುಳುಗಿದೆ, ಮನೆಮನೆಗೂ ಬ್ಯಾಂಕಿನವರ ಹರಾಜಿನ ಬೋರ್ಡು. ಆ ಮೂರು ದಿನದ ಬುಕಿಂಗ್ ಅವನಿಗೆ ದೊಡ್ಡದು.”

“ಹಾಗಾದ್ರೆ ನ್ಯಾಯಕ್ಕಿಂತ ನಿಮ್ಮ ತಮ್ಮನ ಬುಕಿಂಗ್ ದೊಡ್ಡದಾ?”

ಎರಡನೆಯ ಸಲ ಅವರು ಸೂರಜ್‌ನ ವಿಷಯ ತಂದರು. ಮೋಟೆಲಿನ ಫ್ರಂಟ್ ಡೆಸ್ಕ್ ನೋಡಿಕೊಳ್ಳಲು ರಾಜ್ ಚಿಕ್ಕಪ್ಪ ಅವನನ್ನು ಕರೆದಿದ್ದ.

“ನನ್ನ ಮಗ ಅವಳ ಡೆಸ್ಕಿನಲ್ಲಿ ಕೂತು ಬೀಗದ ಕೈ ಕೊಡುದಾ? ಪಿಜ್ಜಾ ಡೆಲಿವರಿ ಮಾಡ್ಲಿ ಬೇಕಾದ್ರೆ, ಇಲ್ಲೇ ಮಾಡ್ಲಿ.”

“ನನ್ನನ್ನು ಯಾರೂ ಕೇಳ್ತಿಲ್ಲ,” ಎಂದ ಸೂರಜ್, ಟೀವಿಯಿಂದ ಕಣ್ಣು ತೆಗೆಯದೆ.

“ನೀನು ಸುಮ್ಮನಿರು. ನಿಂಗೆ ಮೂರು ಹೊತ್ತು ಊಟ ಸಿಗ್ತಿಲ್ವಾ?”

“ಸಿಗ್ತದೆ ಅಮ್ಮ. ಮಾತಿನ ಜೊತೆ ಸಿಗ್ತದೆ.”

ಬೇಬಿಯಕ್ಕನ ಲೆಕ್ಕದಲ್ಲಿ ತನ್ನದೂ ಸೇರಿ ಹತ್ತು ವೋಟು ಗಟ್ಟಿ. ಹನ್ನೊಂದು ಬೇಕು. ಬಾಕಿಯವರೆಲ್ಲ ಫೀನಿಕ್ಸ್ ಎನ್ನುವವರೇ, ಬೆಲ್‌ರೋಸಿನ ವಿಜಿ ಒಬ್ಬಳು ಮಾತ್ರ ಆ ಕಡೆಯೂ ಇಲ್ಲ ಈ ಕಡೆಯೂ ಇಲ್ಲ. “ನೋಡುವ ಬೇಬಿಯಕ್ಕ, ನೋಡುವ,” ಎನ್ನುತ್ತಿದ್ದಳು. ಬೇಬಿಯಕ್ಕ ಸೂರಜ್‌ನನ್ನು ಎಬ್ಬಿಸಿ ಕಾರು ಹತ್ತಿಸಿದಳು. ಮೂರು ಸೇತುವೆ ದಾಟಿ ಬೆಲ್‌ರೋಸಿಗೆ, ವಿಜಿಯ ಮನೆಗೆ ಹೋಗಿ ಒಂದು ದೊಡ್ಡ ಬಾಟಲಿ ಸಿಗಡಿ ಉಪ್ಪಿನಕಾಯಿ ಕೊಟ್ಟು ಬಂದಳು. ನೆಪಕ್ಕೆ ಅಲ್ಲಿಯ ಹಿಲ್‌ಸೈಡ್ ಅವೆನ್ಯೂದ ಭಾರತೀಯ ಅಂಗಡಿಯಲ್ಲಿ ಒಣ ರೊಟ್ಟಿಯ ಪ್ಯಾಕೆಟ್ ಕೊಂಡಳು.

ಜೂನ್ ಎರಡನೆಯ ಭಾನುವಾರ ಶಾಂತಾರಾಮರು ಊಟದ ಮೇಜಿನ ಮೇಲೆ ಲಕೋಟೆಗಳನ್ನು ಹರಡಿ, ಎಲ್ಲರನ್ನೂ ಅಡುಗೆಮನೆಗೆ ಅಟ್ಟಿ, ಒಂದೊಂದಾಗಿ ಒಡೆದರು. ಅಕ್ಷಿತಾ ಬಾಗಿಲ ಹಿಂದೆ ಉಗುರು ಕಚ್ಚುತ್ತಿದ್ದಳು. ಬೇಬಿಯಕ್ಕ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ಒಂದು ಲಕೋಟೆಯ ಹತ್ತಿರ ಶಾಂತಾರಾಮರ ಕೈ ನಿಂತಿತು. ಅದರಲ್ಲಿ ಚೀಟಿಯ ಜೊತೆ ಒಂದು ಕಾಗದವೂ ಇತ್ತು. ಅದನ್ನು ಎರಡು ಸಲ ಓದಿ, ಮಡಚಿ, ಅಂಗಿಯ ಜೇಬಿಗೆ ಹಾಕಿಕೊಂಡರು.

“ಹನ್ನೊಂದು, ಹತ್ತು,” ಎಂದರು ಹೊರಗೆ ಬಂದು. “ಪಂದ್ಯ ಇಲ್ಲಿಗೆ ಬರ್ತದೆ.”

“ಯೆಸ್,” ಎಂದು ಅಕ್ಷಿತಾ ಕುಣಿದಳು. ಬೇಬಿಯಕ್ಕ ಸೆರಗಿನಲ್ಲಿ ಕೈ ಒರೆಸಿಕೊಂಡು, “ವಿಜಿಗೆ ಉಪ್ಪಿನಕಾಯಿ ಹಿಡಿಸಿರ್ಬೇಕು,” ಎಂದಳು. ಅಂದು ಪಾಯಸ ಆಯಿತು. ಗಂಡ ಒಂದೇ ಲೋಟ ಕುಡಿದು ಎದ್ದದ್ದನ್ನು ಅವಳು ಗಮನಿಸಲಿಲ್ಲ, ಗಮನಿಸಿದ್ದರೂ ತಮ್ಮನ ಮೇಲಿನ ಮರುಕ ಎಂದುಕೊಳ್ಳುತ್ತಿದ್ದಳು.

ಮರುದಿನ ರಾಜ್ ಫೋನಿನಲ್ಲಿ ಅಣ್ಣನ ಮೇಲೆ ಕೂಗಾಡಿದ. “ಸ್ವಂತ ಮನೆಯವರೇ ಹೀಗೆ ಮಾಡಿದ್ರೆ ಹೊರಗಿನವರನ್ನು ಎಂತ ಹೇಳುದು?” ಬೇಬಿಯಕ್ಕ ಇನ್ನೊಂದು ಫೋನಿನಲ್ಲಿ ಉಸಿರು ಬಿಗಿಹಿಡಿದು ಕೇಳಿಸಿಕೊಂಡಳು. ಕಾದದ್ದು ಮಂಜರಿಯ ಅಳುವಿಗೆ. ಮಂಜರಿ ಅಳಲಿಲ್ಲ, ಫೋನನ್ನೂ ಮಾಡಲಿಲ್ಲ. ಅದೊಂದು ಕೊರತೆ ಪಾಯಸದ ರುಚಿ ಕೆಡಿಸಿತು.

ಜುಲೈ ಕೊನೆಗೆ ಆಗಬಾರದ್ದು ಆಯಿತು. ಕಾನೂನು ಜಾರಿಯಾಗುವ ಹಿಂದಿನ ದಿನ ನ್ಯಾಯಾಲಯ ಅದರ ಮುಖ್ಯ ಭಾಗಗಳಿಗೆ ತಡೆ ಹಾಕಿತು. ಅಕ್ಷಿತಾ ಲ್ಯಾಪ್‌ಟಾಪ್ ಎತ್ತಿಕೊಂಡೇ ಮೆಟ್ಟಿಲಿಳಿದು ಬಂದಳು.

“ಅಮ್ಮ, ವಿ ವನ್. ಜಡ್ಜ್ ಬ್ಲಾಕ್ ಮಾಡಿದ್ರು.”

ಬೇಬಿಯಕ್ಕನ ಮುಖ ಇಳಿಯಿತು. “ಹಾಗಾದ್ರೆ ಪಂದ್ಯ ಪುನಃ ಅಲ್ಲಿಗಾ?”

“ವಾಟ್?”

“ಕಾನೂನು ಹೋಯ್ತಲ್ಲ. ಇನ್ನು ಅವಳು ಕೇಳ್ತಾಳೆ ನೋಡು, ವಾಪಸ್ ಕೊಡಿ ಅಂತ. ನಾನು ಮೆಣಸು ತರಿಸಿ ಆಗಿದೆ. ಜಿಮ್ ಬುಕ್ ಆಗಿದೆ.”

ಅಕ್ಷಿತಾ ಲ್ಯಾಪ್‌ಟಾಪ್ ಮುಚ್ಚಿದಳು. ತಾಯಿಯ ಮುಖವನ್ನು ಹೊಸದಾಗಿ ನೋಡುವವಳ ಹಾಗೆ ನೋಡಿದಳು.

“ನೀನು ಸ್ಯಾಡ್ ಆಗಿದ್ದೀ. ಯು ಆರ್ ಆಕ್ಚುವಲಿ ಸ್ಯಾಡ್. ಅಷ್ಟೆಲ್ಲ ಫೋನ್ ಮಾಡಿದ್ದು ಮಂಜರಿ ಆಂಟಿ ಮೇಲಿನ ಹೊಟ್ಟೆಕಿಚ್ಚಿಗಾ?”

“ಹೊಟ್ಟೆಕಿಚ್ಚಾ? ನಂಗಾ? ಅವಳ ಮೇಲಾ?”

ಮೂರು ಪ್ರಶ್ನೆ ಕೇಳಿದಾಗಲೇ ಹುಡುಗಿಗೆ ಉತ್ತರ ಸಿಕ್ಕಿತ್ತು. “ನಾನು ಕಾಲೇಜಿನಲ್ಲಿ ಎಲ್ಲರಿಗೂ ಹೇಳಿದ್ದೆ, ಮೈ ಮಾಮ್ ಡಿಡ್ ದಿಸ್ ಅಂತ. ನಂಗೆ ಎಷ್ಟು ಹೆಮ್ಮೆ ಇತ್ತು ಗೊತ್ತುಂಟಾ?” ಎಂದು ಹೇಳಿ ಫ್ರಿಜ್ಜಿನ ಬಾಗಿಲಿನ ಅಂಟುಚೀಟಿಗಳನ್ನೆಲ್ಲ ಕಿತ್ತುಕೊಂಡು ಮೇಲೆ ಹೋದಳು. ಒಂದು ವಾರ ಅವಳು ಮನೆಯ ಅಡುಗೆ ಮುಟ್ಟಲಿಲ್ಲ, ಮೂರು ಹೊತ್ತೂ ಡಬ್ಬಿಯ ಸೀರಿಯಲ್ ಹಾಲಿಗೆ ಹಾಕಿ ತಿಂದಳು.

ಬೇಬಿಯಕ್ಕ ಅಂದು ಪಾತ್ರೆಗಳನ್ನು ಸದ್ದು ಮಾಡಿ ಇಟ್ಟಳು. “ಕಾರಣ ಏನಾದ್ರೆ ಏನು, ಆದದ್ದು ಒಳ್ಳೇದಲ್ವಾ?” ಎಂದು ಗಂಡನನ್ನು ಕೇಳಿದಳು. ಗಂಡ ಪೇಪರ್ ಮುಂದೆ ಹಿಡಿದುಕೊಂಡರು.

ಪಂದ್ಯ ವಾಪಸ್ ಹೋಗಲಿಲ್ಲ, ವೋಟು ವೋಟೇ. ಆಗಸ್ಟ್ ಕೊನೆಯಲ್ಲಿ ರಾಜ್ ಮತ್ತು ಮಂಜರಿ ಬಂದರು. ಹೋಟೆಲಿಗೆ ಹೋಗುತ್ತೇನೆ ಎಂದು ರಾಜ್ ಹಟ ಹಿಡಿದಿದ್ದ, ಅಣ್ಣ ಒಪ್ಪಲಿಲ್ಲ. ಹಾಗಾಗಿ ಮತ್ತೆ ಅದೇ ಬೇಸ್‌ಮೆಂಟ್. ರಾಜ್ ಅತ್ತಿಗೆಗೆ ಮುಖ ಕೊಟ್ಟು ಮಾತಾಡಲಿಲ್ಲ. ಮಂಜರಿ ಚೀಲ ಇಟ್ಟವಳೇ ಕಾಲು ತೊಳೆದು ಅಡುಗೆಮನೆಗೆ ಬಂದು, “ಈರುಳ್ಳಿ ಎಲ್ಲುಂಟು ಅಕ್ಕ?” ಎಂದಳು.

ಎಪ್ಪತ್ತು ಜನರ ಅಡುಗೆ. ಇಬ್ಬರೂ ಎದುರುಬದುರು ಕೂತರು. ಹವಳದ ಸರ ಕಾಣುತ್ತದೋ ಎಂದು ಬೇಬಿಯಕ್ಕ ಮೊದಲು ಕೊರಳು ನೋಡಿದಳು, ಸರ ಇರಲಿಲ್ಲ. ಆಮೇಲೆ ಕಂಡದ್ದು ಕೈ. ಬೆರಳ ಗೆಣ್ಣುಗಳಲ್ಲಿ ಚರ್ಮ ಒಡೆದು ಕೆಂಪಾಗಿತ್ತು.

“ಎಂತ ಮಾರಾಯ್ತಿ ನಿನ್ನ ಕೈ?”

“ಬ್ಲೀಚ್ ಅಕ್ಕ. ಗ್ಲೌಸ್ ಹಾಕಿದ್ರೆ ಕೆಲಸ ಓಡುದಿಲ್ಲ. ರೂಮುಗಳನ್ನು ಈಗ ನಾನೇ ಕ್ಲೀನ್ ಮಾಡುದು. ಲೂಪೆ ಅಂತ ಇದ್ಳಲ್ಲ, ಹತ್ತು ವರ್ಷ ನಮ್ಮಲ್ಲಿ ಹಾಸಿಗೆ ಹಾಸಿದವಳು, ಕಾಗದಪತ್ರ ಇಲ್ಲದವಳು. ಕಾನೂನು ಪಾಸಾದ ವಾರವೇ ಇಬ್ಬರು ಮಕ್ಕಳನ್ನು ಕರ್ಕೊಂಡು ಹೊರಟು ಹೋದ್ಳು. ಆ ವಾರದ ಸಂಬಳಕ್ಕೂ ಬರ್ಲಿಲ್ಲ.”

“ಈಜುಕೊಳದ ಹತ್ರ ಕೂತದ್ದು ನೋಡಿ ನಾನು ಎಣಿಸಿದ್ದೆ…” ಎಂದು ಬೇಬಿಯಕ್ಕ ನಿಲ್ಲಿಸಿದಳು.

“ಅದು ಹಳೇ ಫೋಟೊ. ಕೊಳದ ನೀರು ತೆಗೆದು ಎರಡು ವರ್ಷ ಆಯ್ತು.”

ಬೇಬಿಯಕ್ಕನಿಗೆ ಸಮಾಧಾನವಾಯಿತು ಎಂದರೆ ಸುಳ್ಳಲ್ಲ. ಸಮಾಧಾನವಾದದ್ದಕ್ಕೆ ನಾಚಿಕೆಯೂ ಆಯಿತು. ಎಣ್ಣೆ ಬಾಟಲಿ ತಂದು, “ಹಚ್ಚಿಕೋ,” ಎಂದು ಕುಕ್ಕಿದಳು. ಹುರಿದ ಮೆಣಸಿನ ಬಣ್ಣ ಮಂಜರಿಯದೇ ಚೆಂದ ಬಂದಿತ್ತು. ಅದು ಬೇಬಿಯಕ್ಕನ ಕಣ್ಣು ತಪ್ಪಲಿಲ್ಲ.

ಭಾನುವಾರ ಹೈಸ್ಕೂಲಿನ ಜಿಮ್ಮಿನಲ್ಲಿ ಫೈನಲ್ ನಡೆಯಿತು. ಸೂರಜ್‌ನ ತಂಡ ಮೂರನೆಯ ಸೆಟ್ಟಿನಲ್ಲಿ ಗೆದ್ದಿತು. ಗೋಡೆಯ ಮೇಲೆ ಅಕ್ಷಿತಾ ಬರೆದ ಬಟ್ಟೆ ತೂಗುತ್ತಿತ್ತು: ‘ನಮ್ಮ ಆಟ ಎಲ್ಲಿ ಅಂತ ನಾವೇ ಹೇಳ್ತೇವೆ’. ತಾಯಿಯ ಜೊತೆ ಅವಳು ಇನ್ನೂ ಅರ್ಧ ಮಾತೇ ಆಡುತ್ತಿದ್ದಳು. ಹಿಂದಿನ ಕೋಣೆಯಲ್ಲಿ ದೊಡ್ಡ ಪಾತ್ರೆಗಳು ಸಾಲಾಗಿದ್ದವು. ಬೇಬಿಯಕ್ಕ ಜರಿ ಸೀರೆ ಉಟ್ಟು, ಸೌಟು ತೊಳೆದು ಇಟ್ಟುಕೊಂಡಿದ್ದಳು. ವಿಜಿ ತಟ್ಟೆಗಳನ್ನು ಜೋಡಿಸುತ್ತಿದ್ದಳು.

“ನಿನ್ನ ಉಪಕಾರ ಮರೆಯುದಿಲ್ಲ ವಿಜಿ,” ಎಂದಳು ಬೇಬಿಯಕ್ಕ ಮೆಲ್ಲಗೆ. “ನಿನ್ನ ಆ ಒಂದು ವೋಟಿನಿಂದ ಆಟ ಇಲ್ಲಿಗೆ ಬಂತು.”

ವಿಜಿ ತುಟಿ ಕಚ್ಚಿಕೊಂಡಳು. “ಬೇಜಾರು ಮಾಡ್ಬೇಡಿ ಬೇಬಿಯಕ್ಕ. ನಾನು ಫೀನಿಕ್ಸಿಗೆ ಹಾಕಿದ್ದು. ಮಕ್ಕಳು ಅಲ್ಲಿಯ ಗ್ರ್ಯಾಂಡ್ ಕ್ಯಾನ್ಯನ್ ಕಣಿವೆ ನೋಡ್ಬೇಕು ಅಂತ ಹಟ ಮಾಡಿದ್ವು. ಉಪ್ಪಿನಕಾಯಿ ಮಾತ್ರ ಬಹಳ ಒಳ್ಳೇದಿತ್ತು.”

ಬೇಬಿಯಕ್ಕ ಬೆರಳು ಮಡಚಿ ಹತ್ತು ಮನೆಗಳನ್ನು ಮತ್ತೆ ಎಣಿಸಿದಳು. ಹತ್ತೇ. ಬಾಗಿಲಲ್ಲಿ ನಿಂತಿದ್ದ ಗಂಡನನ್ನು ನೋಡಿದಳು. ಶಾಂತಾರಾಮರು ಎಲ್ಲ ಕೇಳಿಸಿಕೊಂಡಿದ್ದರು. ಬಾಯಿ ಬಿಡಲಿಲ್ಲ. ಆದರೆ ಅವರ ಕಣ್ಣು ಅವರನ್ನು ಕೇಳದೆ ಮೂಲೆಗೆ ಹೋಯಿತು. ಅಲ್ಲಿ ಮಂಜರಿ ರೊಟ್ಟಿಯ ಪ್ಯಾಕೆಟ್ ಕತ್ತರಿಸುತ್ತಿದ್ದಳು.

ಬೇಬಿಯಕ್ಕ ಸೌಟು ಹಿಡಿದೇ ಅವಳ ಹತ್ತಿರ ಹೋದಳು. “ಹನ್ನೊಂದನೇ ವೋಟು ನಿನ್ನದಾ?”

ಮಂಜರಿ ತಲೆ ಎತ್ತಲಿಲ್ಲ. “ಹೌದು.”

“ನಿನ್ನ ಮನೆಗೆ ಬರುವ ಹಬ್ಬವನ್ನು ನೀನೇ ಬೇಡ ಅಂದ್ಯಾ?”

“ಲೂಪೆ ಹೆದರಿ ಓಡಿಹೋದ ಊರಿನಲ್ಲಿ, ಅವಳು ಹಾಸುತ್ತಿದ್ದ ಹಾಸಿಗೆಯಲ್ಲಿ ನಮ್ಮವರನ್ನು ಮಲಗಿಸಿ ನಾನು ಸಾರು ಬಡಿಸುದಾ ಅಕ್ಕ? ನನ್ನಿಂದ ಆಗ್ಲಿಲ್ಲ. ಭಾವನಿಗೆ ಕಾಗದ ಬರೆದು ಯಾರಿಗೂ ಹೇಳ್ಬೇಡಿ ಅಂದೆ. ಇವರಿಗೂ ಗೊತ್ತಿಲ್ಲ. ಗೊತ್ತಾದ್ರೆ ಈ ಜನ್ಮದಲ್ಲಿ ನನ್ನನ್ನು ಕ್ಷಮಿಸ್ಲಿಕ್ಕಿಲ್ಲ.”

ಬೇಬಿಯಕ್ಕನ ಹಳೆಯ ಉರಿ ಮತ್ತೆ ಎದ್ದಿತು. ನಾಲ್ಕು ತಿಂಗಳು ತಾನು ಕುಣಿದದ್ದು ಸೌಟಿಗಾಗಿ, ಇವಳು ಸುಮ್ಮನೆ ಮನೆಯ ಅನ್ನವನ್ನೇ ಬಿಟ್ಟುಕೊಟ್ಟಿದ್ದಳು. ಇದರಲ್ಲೂ ಇವಳೇ ಮೇಲೆ.

“ನಂಗೆ ಒಂದು ಮಾತು ಹೇಳ್ಬಹುದಿತ್ತಲ್ಲ ನೀನು?”

ಮಂಜರಿ ಈಗ ತಲೆ ಎತ್ತಿದಳು. “ಪಂದ್ಯ ನಮ್ಮಲ್ಲಿ ಬೇಡ ಅಂತ ನಾನು ಹೇಳಿದ್ರೆ, ನೀವು ಫೀನಿಕ್ಸಿಗೆ ವೋಟು ಹಾಕ್ತಿದ್ರಿ ಅಕ್ಕ.”

ಮಾತು ನಿಜವಾಗಿತ್ತು. ಬೇಬಿಯಕ್ಕ ಸೌಟನ್ನು ಅವಳ ಮುಂದೆ ಚಾಚಿದಳು. “ಹಿಡಿ, ನೀನೇ ಬಡಿಸು.”

“ಬೇಡ ಅಕ್ಕ. ಅದು ನಿಮ್ಮದು.”

ಹುಡುಗರು ತಟ್ಟೆ ಹಿಡಿದು ಸಾಲು ನಿಂತಾಗಿತ್ತು. ಬೇಬಿಯಕ್ಕ ಹೋಗಿ ಪಾತ್ರೆಯ ಮುಂದೆ ನಿಂತಳು. ಮೊದಲ ಸೌಟು ಸೂರಜ್‌ನ ತಟ್ಟೆಗೆ ಬಿತ್ತು, ಜನ ಚಪ್ಪಾಳೆ ತಟ್ಟಿದರು. ಹದಿನಾಲ್ಕು ವರ್ಷ ಕಿವಿಗೆ ಹಿತವಾಗಿದ್ದ ಆ ಸದ್ದು ಈ ಸಲ ಬೇರೆ ಯಾರದೋ ಮನೆಯ ಮದುವೆಯಲ್ಲಿ ಕೇಳಿದ ಹಾಗಿತ್ತು.

ತಂಡದವರ ಹಿಂದೆ ಉಳಿದವರು ಬಂದರು. ರಾಜ್ ಬಂದ. ತಟ್ಟೆ ಚಾಚದೆ ನಿಂತ.

“ಸಂತೋಷ ಆಯ್ತಾ ಅತ್ತಿಗೆ? ಆ ಕೊನೆಯ ವೋಟು ಯಾರು ಹಾಕಿದ್ದು ಅಂತ ಗೊತ್ತಾದ್ರೆ ನಾನು ಅವರ ಮುಖ ನೋಡುದಿಲ್ಲ. ಆ ಮೂರು ದಿನ ಸಿಕ್ಕಿದ್ರೆ ನಾನು ಈ ವರ್ಷ ಉಸಿರಾಡ್ತಿದ್ದೆ.”

ರಾಜ್‌ನ ಹಿಂದೆಯೇ ಅಕ್ಷಿತಾ ಇದ್ದಳು. ಶಾಂತಾರಾಮರು ಎರಡು ಹೆಜ್ಜೆ ಮುಂದೆ ಬಂದರು. ಮೂಲೆಯಲ್ಲಿ ಕತ್ತರಿಯ ಸದ್ದು ನಿಂತಿತು. ಒಂದು ಹೆಸರು ಹೇಳಿದ್ದರೆ ಸಾಕಿತ್ತು. ಈಜುಕೊಳ, ಹವಳದ ಸರ, ಅತ್ತೆಯ ನಾಲ್ಕು ತಿಂಗಳು ಎಲ್ಲ ಒಂದೇ ಮಾತಿನಲ್ಲಿ ತೀರುತ್ತಿತ್ತು. ಹೆಸರು ನಾಲಿಗೆಯ ತುದಿಗೂ ಬಂದಿತ್ತು.

“ನಾನೇ,” ಎಂದಳು ಬೇಬಿಯಕ್ಕ. “ಕೊನೆಯ ವೋಟೂ ನಾನೇ ತಂದದ್ದು, ಸಿಗಡಿ ಉಪ್ಪಿನಕಾಯಿ ಕೊಟ್ಟು. ಇಲ್ಲಿಗೇ ಬರ್ಬೇಕು ಅಂತ ನಂಗೆ ಹಟ ಇತ್ತು. ಬೈಯುದಿದ್ರೆ ನನ್ನನ್ನು ಬೈ, ಬೇರೆ ಯಾರನ್ನೂ ಹುಡುಕ್ಬೇಡ. ಸೂರಜ್‌ನನ್ನು ನಿನ್ನ ಜೊತೆ ಕಳಿಸ್ತೇನೆ, ರೂಮು ಗುಡಿಸ್ಲಿ. ಈಗ ತಟ್ಟೆ ಹಿಡಿ.”

ರಾಜ್ ತಟ್ಟೆ ಹಿಡಿದ. ಬೇಬಿಯಕ್ಕ ಪಾತ್ರೆಯ ತಳ ಕೆದಕಿ ಕಾಲಿನ ತುಂಡು ಹುಡುಕಿ ಹಾಕಿದಳು. ಅಕ್ಷಿತಾ ತಟ್ಟೆ ಚಾಚಿ ತಾಯಿಯನ್ನು ನೋಡಿದಳು, ಆಮೇಲೆ ಮೂಲೆಯಲ್ಲಿ ನಿಂತ ಆಂಟಿಯ ಒದ್ದೆ ಕಣ್ಣು ನೋಡಿದಳು.

“ರೊಟ್ಟಿ ಮುಗೀತು ಮಂಜರಿ,” ಎಂದು ಬೇಬಿಯಕ್ಕ ತಿರುಗದೆ ಕೂಗಿದಳು. “ನೋಡ್ತಾ ನಿಲ್ಬೇಡ, ತಾ.”